ಶಿಳ್ಳೆಯ ನಕ್ಷೆ

“ಈ ಮನಷ್ಯಾಗ ಮನ್ಯಾಗ ಅವ್ವ ಅನ್ನಾಕಿ ಒಬ್ಬಾಕಿ ಇಲ್ಲೇನು?”

ಕೇಳಿದ್ದು ನಾನೇ. ಕೇಳಿಸಿಕೊಳ್ಳಲು ಹಾಲಿನ ಕೋಣೆಯಲ್ಲಿ ಬೆಣ್ಣೆ ಕಡೆಯುವ ಪೀಪಾಯಿ ಬಿಟ್ಟರೆ ಯಾರೂ ಇರಲಿಲ್ಲ. ಕಿಟಕಿಯಾಚೆ, ನಮ್ಮ ಅಂಗಳದಲ್ಲಿ, ಪ್ಯಾಂಟಿಗೆ ಸೈಕಲ್ ಕ್ಲಿಪ್ ಹಾಕಿಕೊಂಡ ಒಬ್ಬ ಗಂಡಸು ತನ್ನ ಮೊಣಕೈ ಎತ್ತಿ ತೋರಿಸಿ, “ಇದಕ್ಕೆ ನೀವು ಏನೆನ್ನುತ್ತೀರಿ?” ಎಂದು ನನ್ನ ಅಪ್ಪನನ್ನು ಕೇಳುತ್ತಿದ್ದ.

ಅಪ್ಪ ಮೊಣಕೈ ನೋಡಿದ. ಆಮೇಲೆ ಅವನ ಮುಖ ನೋಡಿದ. “ಮೊಣಕೈ,” ಎಂದ. “ಯಾಕ್ರಿ, ನಿಮ್ಮೂರಾಗ ಇದರಿಂದ ಬ್ಯಾರೆ ಏನರೆ ಕೆಲಸ ಮಾಡ್ತಾರೇನು?”

ಅವನು ನಗಲಿಲ್ಲ, ಬರೆದುಕೊಂಡ. ಆಮೇಲೆ ಹುಬ್ಬು, ಹಿಮ್ಮಡಿ, ಕರು ಹಾಕಿದ ಹಸು, ಕರು ಹಾಕದ ಹಸು. ತೊಡೆಯ ಮೇಲೆ ಕೂರಿಸಿಕೊಂಡ ಕೂಸಿಗೆ ತಾಯಿ ಮುಟ್ಟಿ ಮುಟ್ಟಿ ಹೇಳಿಕೊಡುವುದನ್ನೆಲ್ಲ ಮೂವತ್ತು ದಾಟಿದ ಈ ಮನುಷ್ಯ ಪೆನ್ಸಿಲು ಹಿಡಿದು ಕಲಿಯುತ್ತಿದ್ದ.

ಹೆಸರು ಕತ್‌ಬರ್ಟ್ ಹೆಸ್ಲಪ್. ವಿಶ್ವವಿದ್ಯಾಲಯದವನು. ಸಾವಿರ ಪ್ರಶ್ನೆಗಳ ಪುಸ್ತಕ ಹಿಡಿದು ಯಾರ್ಕ್‌ಶೈರಿನ ಮೂಲೆಯ ನಮ್ಮ ಕಣಿವೆಯವರೆಗೆ ಸೈಕಲ್ ತುಳಿದುಕೊಂಡು ಬಂದಿದ್ದ. ಹಳಬರು ಸತ್ತು ಅವರ ಮಾತೂ ಸಾಯುವುದರೊಳಗೆ ಹಿಡಿದಿಡಬೇಕಂತೆ. ಬೇಸಿಗೆಯಲ್ಲಿ ನಮ್ಮ ಗುಡ್ಡಕ್ಕೆ ಚಿಟ್ಟೆ ಹಿಡಿಯುವವರೂ ಬರುತ್ತಾರೆ. ಹಿಡಿದು, ಸೂಜಿ ಚುಚ್ಚಿ, ಹಲಗೆಗೆ ಹಚ್ಚುತ್ತಾರೆ. ಇವನೂ ಅದೇ ಜಾತಿಯವನು, ಬಲೆ ಮಾತ್ರ ಬೇರೆ.

“ಒಂದು ನಿಯಮವಿದೆ, ಮಿಸ್ಟರ್ ಕಿಯರ್ಟನ್,” ಎಂದ ಅವನು, ಅಚ್ಚುಕಟ್ಟಾಗಿ, ಇಸ್ತ್ರಿ ಮಾಡಿದಂಥ ಮಾತಿನಲ್ಲಿ. “ಉತ್ತರ ಹೇಳುವವರಿಗೆ ಅರವತ್ತು ದಾಟಿರಬೇಕು. ಊರು ಬಿಟ್ಟು ಹೋಗಿರಬಾರದು. ಮತ್ತೆ, ತಪ್ಪು ತಿಳಿಯಬೇಡಿ, ಹಲ್ಲು ಸ್ವಂತದ್ದಾಗಿರಬೇಕು. ಇಲ್ಲದಿದ್ದರೆ ಉಚ್ಚಾರ ಕೆಡುತ್ತದೆ. ಸ್ವಲ್ಪ ಬಾಯಿ ತೆರೆಯುತ್ತೀರಾ?”

ಅಪ್ಪ ಐಸಾಕ್ ಕಿಯರ್ಟನ್‌ಗೆ ಆಗ ಅರವತ್ತೇಳು. ಇಡೀ ಕಣಿವೆಯಲ್ಲಿ ಆ ವಯಸ್ಸಿಗೆ ಸ್ವಂತ ಹಲ್ಲಿನಲ್ಲಿ ರೊಟ್ಟಿ ಕಡಿಯುತ್ತಿದ್ದವನು ಅವನೊಬ್ಬನೇ. ಶರತ್ಕಾಲದ ಸಂತೆಯಲ್ಲಿ ಕುರಿಯ ತುಟಿ ಮಗುಚಿ ನೋಡುವ ಅಪ್ಪ, ಅಂದು ತಾನೇ ಕುರಿಯಾಗಿ ಬಾಯಿ ತೆರೆದ.

“ನೋಡ್ರಿ, ಛಲೋತ್ನಂಗ ನೋಡ್ರಿ. ಕೆಳಗಿನವು ಎಂಟೂ ಅದಾವ. ಇನ್ನ ಎರಡು ಚಳಿಗಾಲ ಮೇಯ್ತೀನಿ. ಹಿಂಗಾಲೂ ಎತ್ತಿ ತೋರಸ್ಲೇನು?”

ದಾನಕ್ಕೆ ಬಂದ ದನದ ಹಲ್ಲು ಎಣಿಸುವವರನ್ನು ಕುರಿತು ಗಾದೆಯಿದೆ. ದಾನಕ್ಕೆ ಬಂದ ಮಾತಿನ ಹಲ್ಲು ಎಣಿಸಿದವನನ್ನು ನಾನು ಕಂಡದ್ದು ಅಂದೇ. ಕಿಟಕಿಯ ಹಿಂದೆ ನಿಂತು ನಾನು ನನ್ನ ತುಟಿ ಮುಚ್ಚಿಕೊಂಡೆ. ನನಗೆ ಇಪ್ಪತ್ತೆಂಟು ವರ್ಷ. ಬಾಯಲ್ಲಿ ಇಪ್ಪತ್ತೆಂಟು ಹಲ್ಲು. ಅದರಲ್ಲಿ ಒಂದೂ ನನ್ನದಲ್ಲ.

*

ನಮ್ಮ ಕಡೆ ಹುಡುಗಿಗೆ ಮದುವೆ ಗೊತ್ತಾದರೆ ಹಲ್ಲು ಕೀಳಿಸುವುದಿತ್ತು. ಎಲ್ಲವನ್ನೂ, ಗಟ್ಟಿ ಇರುವುದನ್ನೂ. ಗಂಡನ ಮನೆಗೆ ಹಲ್ಲುನೋವು ಹೊತ್ತುಕೊಂಡು ಹೋಗಬಾರದು ಎಂದು ಹಿರಿಯರು ಯೋಚನೆ ಮಾಡಿ, ಕಟ್ಟಿಸಿದ ಹಲ್ಲಿನ ಜೋಡಿಯನ್ನು ಉಡುಗೊರೆ ಕೊಡುತ್ತಿದ್ದರು. ನನಗೆ ಕೊಟ್ಟಾಕೆ ನನಗೆ ಗೊತ್ತಾಗಿದ್ದ ಗಂಡು ವಿಲ್‌ಫ್ರಿಡ್‌ನ ತಾಯಿ, ಮಿಸೆಸ್ ಹಾರ್ಕರ್.

“ಒಂದ ಸಲದ ಕೆಲಸ, ಥರ್ಜಾ,” ಎಂದಿದ್ದಳು. “ಆಮ್ಯಾಲ ನನ್ನ ಮಗಗ ಕಾಟ ಇಲ್ಲ.”

ಸಂತೆಯ ಪಟ್ಟಣದಲ್ಲಿ, ಕುದುರೆ ಜೀನಿನ ಅಂಗಡಿಯ ಮಾಳಿಗೆಯ ಮೇಲೆ, ಮಂಗಳವಾರಕ್ಕೊಮ್ಮೆ ಒಬ್ಬ ಹಲ್ಲಿನ ವೈದ್ಯ ಬಂದು ಕೂರುತ್ತಿದ್ದ. ನಮ್ಮ ಪ್ರಾರ್ಥನಾ ಮಂದಿರದ ಅರ್ಧ ಹೆಂಗಸರ ನಗು ಅವನ ಕೈಯಲ್ಲೇ ತಯಾರಾದದ್ದು. ಅವನು ಒಂದೊಂದೇ ಕೀಳುವಾಗ ನಾನು ಮನಸ್ಸಿನಲ್ಲಿ ಅಜ್ಜಿ ಕಲಿಸಿದ ಪದ್ಯ ಹೇಳಿಕೊಳ್ಳುತ್ತಿದ್ದೆ:

ಸಂಜೆ ಸರಿದರೂ ಸೋಲದಿರು ಮನವೇ,
ಸಾವಿರ ಕುರಿಗಳ ಸದ್ದಿನ ನಡುವೆ
ನಿನ್ನೊಂದು ಸ್ವರವ ಬಲ್ಲನು ಕಾಯುವವನು.

ಹೊಸ ಜೋಡಿ ಸಿದ್ಧವಾಗುವ ಮೊದಲೇ ಒಂದು ಭಾನುವಾರ ವಿಲ್‌ಫ್ರಿಡ್ ನೋಡಲು ಬಂದ. ವಸಡು ಬಾತುಕೊಂಡು, ಕೆನ್ನೆ ಒಳಗೆ ಬಿದ್ದು, ನಾನು ನನ್ನ ಅಜ್ಜಿಯಂತೆ ಕೂತಿದ್ದೆ. ಅವನು ಒಮ್ಮೆ ನೋಡಿದ. ಆಮೇಲೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಕಿಟಕಿಗೆ ಹೇಳಿದ: “ಮಳಿ ಬರೂ ಹಂಗ ಐತಿ.”

ಮಳೆ ಬರಲಿಲ್ಲ, ವಿಲ್‌ಫ್ರಿಡ್ ಕೂಡ. ಅವನು ಅಂಚೆಮನೆಯವರ ಹುಡುಗಿಯನ್ನು ಮದುವೆಯಾದ. ಆಕೆಯ ಹಲ್ಲು ಆಕೆಯದೇ. ಉಡುಗೊರೆಯನ್ನು ಹಿಂದಿರುಗಿಸಬೇಕೆಂದು ಮಿಸೆಸ್ ಹಾರ್ಕರ್ ಹೇಳಿ ಕಳಿಸಿದಳು. ಅಪ್ಪ ಉತ್ತರ ಕಳಿಸಿದ: “ಆಕಿ ಬಾಯಾಗ ಅದಾವ. ಬಂದು ತಗೊಂಡು ಹೋಗ್ರಿ. ಬರೂಮುಂದ ಬೆರಳು ಎಣಿಸಿಕೊಂಡು ಬರ್ರಿ.”

ಜೋಡಿ ನನ್ನ ಬಳಿಯೇ ಉಳಿಯಿತು. ಮುಂದಿನ ಹಲ್ಲುಗಳ ಹಿಂದೆ ಒಂದು ಕೂದಲೆಳೆಯಷ್ಟು ಸಡಿಲ. ‘ಸ’ ಎಂದಾಗಲೆಲ್ಲ ಅಲ್ಲಿಂದ ಗಾಳಿ ನುಸುಳಿ, ದೂರದ ಹಕ್ಕಿಯಂಥ ಒಂದು ಸಣ್ಣ ಶಿಳ್ಳೆ ಬರುತ್ತಿತ್ತು.

*

ಹೆಸ್ಲಪ್ ಸಾಹೇಬರು ಇಳಿದುಕೊಂಡದ್ದು ನನ್ನ ಸೋದರತ್ತೆ ಕೆಜಾಯಾಳ ಮನೆಯಲ್ಲಿ. ಅಪ್ಪ ಅವನಿಗೊಂದು ಶರತ್ತು ಹಾಕಿದ. “ಕುಂತು ಉತ್ತರ ಹೇಳಾಕ ಹೊತ್ತಿಲ್ಲ. ಹುಲ್ಲು ಒಣಗಾಕ ಹತ್ತೈತಿ. ಹಲುಬಿ ಹಿಡೀರಿ, ಎಳೀರಿ, ಆಮ್ಯಾಲ ಕೇಳ್ರಿ.”

ಹೀಗಾಗಿ ಜುಲೈ ಇಡೀ ಅವನು ಅಂಗಿ ತೋಳು ಮಡಚಿ, ಹುಲ್ಲು ಒಟ್ಟುವ ಮರದ ಹಲ್ಲಿನ ಹಲುಬೆಯನ್ನು ತಲೆಕೆಳಗಾಗಿ ಹಿಡಿದು, ನಮ್ಮ ಹೊಲದಲ್ಲಿ ಒದ್ದಾಡಿದ. ಹುಲ್ಲಿನ ಸಾಲು ಎಳೆದರೆ ಹಾವು ಹರಿದಂತೆ ಇರುತ್ತಿತ್ತು. ನಾನು ಹಿಂದಿನಿಂದ ಬಂದು ಅದನ್ನು ನೆಟ್ಟಗೆ ಮಾಡುತ್ತಿದ್ದೆ. ಮಾತಾಡುತ್ತಿರಲಿಲ್ಲ. ಕೇಳಿಸಿಕೊಳ್ಳುವುದು ನನಗೆ ಚಿಕ್ಕಂದಿನ ರೂಢಿ.

ಮೂರನೆಯ ದಿನ ಗಮನಿಸಿದೆ: ಅವನು ನನ್ನನ್ನು ನೋಡುತ್ತಿದ್ದ.

ಕಣ್ಣನ್ನಲ್ಲ, ತುಟಿಯನ್ನು. ನಾನು ಚಹಾದ ಡಬ್ಬಿ ಕೈಗಿತ್ತು “ಸಕ್ಕರಿ ಸಾಕೇನು?” ಎಂದರೆ ಅವನ ಕೈ ಡಬ್ಬಿಯನ್ನೂ ಮರೆತು ನಿಲ್ಲುತ್ತಿತ್ತು. ನೋಟ ನನ್ನ ಬಾಯಿಯ ಮೇಲೆ, ಜೇನುಹುಳು ಹೂವಿನ ಅಂಚಿನಲ್ಲಿ ಕೂತಂತೆ, ಒಳಗೆ ಹೋಗಲೋ ಬೇಡವೋ ಎಂದು ಕೂತಿರುತ್ತಿತ್ತು. ನಾನು ತಲೆವಸ್ತ್ರದ ತುದಿಯನ್ನು ಬಾಯಿಗೆ ಎಳೆದುಕೊಂಡರೆ ಅವನ ಮುಖದಲ್ಲಿ ದೀಪ ಆರಿದ ಹಾಗೆ. ಬಿಟ್ಟರೆ, ಮತ್ತೆ ಬೆಳಕು.

ನಾಲ್ಕು ವರ್ಷದಿಂದ ನನ್ನ ಬಾಯನ್ನು ಯಾರೂ ಹಾಗೆ ನೋಡಿರಲಿಲ್ಲ. ನನ್ನ ಮೂರ್ಖತನಕ್ಕೆ ನಾನೇ ಉಗಿಯುತ್ತೇನೆ: ಆ ವಾರ ನಾನು ತಲೆವಸ್ತ್ರವನ್ನು ಒಗೆದು ಇಸ್ತ್ರಿ ಮಾಡಿದೆ.

ಶನಿವಾರ ಅವನು ಹಲುಬೆ ಕೆಳಗಿಟ್ಟು ಹತ್ತಿರ ಬಂದ. ಕಿವಿ ಕೆಂಪಗಾಗಿತ್ತು. “ಮಿಸ್ ಕಿಯರ್ಟನ್, ನಿಮ್ಮಲ್ಲಿ ಒಂದು ವಿಷಯ ಕೇಳಬಹುದೇ?”

“ಕೇಳ್ರಿ.”

“ಆಗ ಏನೋ ಅಂದಿರಲ್ಲ, ‘ಹಸಿ ಹುಲ್ಲು’ ಅಂತ... ಅದನ್ನು ಇನ್ನೊಮ್ಮೆ ಅನ್ನುತ್ತೀರಾ? ನಿಧಾನವಾಗಿ. ನಾಲಗೆ ಎಲ್ಲಿ ಮುಟ್ಟುತ್ತದೆ ನೋಡಬೇಕು.”

ನಾಚಿಕೆ ಅಂಗಾಲಿನಿಂದ ನೆತ್ತಿಗೆ ಏರಿತು. ಸಂತೆಯ ಕುರಿ ಅಪ್ಪನೊಬ್ಬನೇ ಅಲ್ಲ, ನಾನೂ ಹೌದು.

“ನಾಲಿಗಿ ಎಲ್ಲಿ ಮುಟ್ಟತೈತಿ ಅನ್ನೂದು ನಿಮಗ ಯಾಕ ಬೇಕ್ರಿ ಸಾಹೇಬ್ರ? ಅದು ಮುಟ್ಟಬಾರದ ಜಾಗಾ ಮುಟ್ಟಿದ್ರ ನಿಮಗ ಛಲೋ ಅನಸಂಗಿಲ್ಲ.”

ಅವನು ನಕ್ಕ. ಮೊದಲ ಸಲ. ಇಸ್ತ್ರಿ ಕೆಟ್ಟು ಮುಖ ಒಂದು ಕ್ಷಣ ಸುಕ್ಕಾಯಿತು, ಅದು ಚೆನ್ನಾಗಿತ್ತು. ನಾನು ಅದನ್ನೂ ತಿರಸ್ಕಾರದಿಂದಲೇ ನೋಡಿದೆ. ಎರಡು ಸಲ ನೋಡಿದೆ.

“ಇದು ಗಂಭೀರ ವಿಷಯ,” ಎಂದ. “ನಿಮ್ಮ ಕಣಿವೆಯವರ ಮಾತು ತಪ್ಪು ಮಾತಲ್ಲ. ಸಾವಿರ ವರ್ಷದ ಹಿಂದೆ ನಾರ್ವೆ ಕಡೆಯಿಂದ ದೋಣಿಯಲ್ಲಿ ಬಂದ ಕುರಿಗಾಹಿಗಳು ತಂದದ್ದು. ಹಳ್ಳಕ್ಕೆ, ಬೆಟ್ಟಕ್ಕೆ, ಹೊಲದ ಕೊಟ್ಟಿಗೆಗೆ ನೀವು ಹೇಳುವ ಹೆಸರೆಲ್ಲ ಅವರವು. ಅವರಿಗಿಂತ ಮುಂಚೆ ಪೂರ್ವದ ಕಡಲು ದಾಟಿ ಇನ್ನೊಂದು ಜನ ಬಂದಿತ್ತು, ಬಯಲಿನಲ್ಲಿ ಅವರ ಮಾತು ನಿಂತಿತು. ಆಮೇಲೆ ರಾಜ, ಕೋರ್ಟು, ಅಚ್ಚಿನ ಮನೆ, ಎಲ್ಲ ಲಂಡನ್ನಿನಲ್ಲಿ ಕೂತವು. ಅಲ್ಲಿಯವರ ಮಾತು ಶುದ್ಧ ಅನ್ನಿಸಿಕೊಂಡಿತು, ಉಳಿದವರದು ಹಳ್ಳಿಗಮಾರರ ಮಾತಾಯಿತು.”

“ಹಂಗಾರ ನೀವು ಮಾತಾಡೂದು ಅಚ್ಚಿನ ಮನಿ ಮಾತು?”

“ನಾನು... ಕಲಿತದ್ದು.”

“ಎಲ್ಲಿ?”

“ಶಾಲೆಯಲ್ಲಿ.”

“ಅದಕ್ಕೂ ಮೊದಲ ನಿಮಗ ಬಾಯಿ ಇರಲಿಲ್ಲೇನು?”

ಅವನು ಹಲುಬೆ ಎತ್ತಿಕೊಂಡ. ಆ ಸಾಲನ್ನು ಮಾತ್ರ ಅವನು ನೆಟ್ಟಗೆ ಎಳೆದ. ಡರ್‌ಹ್ಯಾಮಿನ ಕಲ್ಲಿದ್ದಲ ಗಣಿಯವರ ಮಗನೆಂದು ಕೆಜಾಯಾ ಅತ್ತೆ ಅವನ ಟಪಾಲಿನ ಮುದ್ರೆ ನೋಡಿ ಕಂಡುಹಿಡಿದದ್ದು ಆಮೇಲೆ. ತಾಯಿಯ ಕಾಗದ ಬರುತ್ತಿತ್ತಂತೆ. ಒಡೆಯದೆ ಜೇಬಿಗಿಟ್ಟುಕೊಳ್ಳುತ್ತಿದ್ದನಂತೆ.

*

ಆಗಸ್ಟಿನ ಮೊದಲ ಭಾನುವಾರ ಪ್ರಾರ್ಥನಾ ಮಂದಿರದ ವಾರ್ಷಿಕೋತ್ಸವ. ಮಕ್ಕಳೂ ದೊಡ್ಡವರೂ ಹಲಗೆಯ ವೇದಿಕೆ ಹತ್ತಿ ಬಾಯಿಪಾಠ ಒಪ್ಪಿಸುತ್ತಾರೆ. ನಾನು ಅಜ್ಜಿಯ ಪದ್ಯ ಹೇಳಿದೆ. ಮೂರು ಸಾಲು, ಅದರಲ್ಲಿ ‘ಸ’ಗಳ ಸಾಲು. ಹಿಂದಿನ ಬೆಂಚಿನಲ್ಲಿ ಅವನು ಟೋಪಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಎಲ್ಲರೂ ಕಣ್ಣು ಮುಚ್ಚಿದ್ದರು, ಅವನದು ತೆರೆದಿತ್ತು. ಪದ್ಯ ಮುಗಿದಾಗ ಆ ಕಣ್ಣಲ್ಲಿ ನೀರಿತ್ತು. ಅದನ್ನೂ ಅವನು ಯಾವುದೋ ಧ್ವನಿಶಾಸ್ತ್ರಕ್ಕೆ ಜಮಾ ಮಾಡುತ್ತಾನೆ ಎಂದುಕೊಂಡೆ.

ಬುಧವಾರ ನಮ್ಮ ಅಡಿಗೆಮನೆಯ ಮೇಜಿನ ಮೇಲೆ ನಕ್ಷೆ ಬಿಚ್ಚಿದ. ಕಣಿವೆಗಳು, ಹಳ್ಳಿಗಳು, ಅಲ್ಲಲ್ಲಿ ಕೆಂಪು ಚುಕ್ಕೆ.

“ಈ ಶಿಳ್ಳೆಯ ‘ಸ’ಕಾರ ಇಂಗ್ಲೆಂಡಿನಲ್ಲಿ ಇನ್ನೆಲ್ಲೂ ದಾಖಲಾಗಿಲ್ಲ, ಮಿಸ್ಟರ್ ಕಿಯರ್ಟನ್! ನಿಮ್ಮ ಮಗಳಲ್ಲಿದೆ. ನಿಮ್ಮ ತಂಗಿಯಲ್ಲಿದೆ. ಸುತ್ತಲಿನ ಒಂಬತ್ತು ಹಳ್ಳಿಗಳಲ್ಲಿದೆ. ಗಂಡಸರಲ್ಲಿಲ್ಲ, ಬರೀ ಹೆಂಗಸರಲ್ಲಿ! ಹಳೆಯದನ್ನು ಜೋಪಾನ ಮಾಡುವವರು ಹೆಂಗಸರೇ ಅಲ್ಲವೇ? ಈ ಚುಕ್ಕೆಗಳನ್ನು ಸೇರಿಸಿ ನೋಡಿ. ನಾರ್ವೆಯವರು ದನ ಹೊಡೆದುಕೊಂಡು ಬಂದ ದಾರಿ!”

ಅಪ್ಪ ನಕ್ಷೆಯ ಮೇಲೆ ಬಗ್ಗಿದ. ಚುಕ್ಕೆಯಿಂದ ಚುಕ್ಕೆಗೆ ಅವನ ಬೆರಳು ಹೋಯಿತು. ಸೇತುವೆ, ಗಿರಣಿ, ಕವಲುದಾರಿ, ಸಂತೆಯ ಪಟ್ಟಣ. ಅದು ನಾರ್ವೆಯವರ ದಾರಿಯಲ್ಲ, ಮಂಗಳವಾರದ ಬಸ್ಸಿನದು.

“ದನಾ ನೋಡಿ ಬರ್ತೀನಿ,” ಎಂದು ಅಪ್ಪ ಎದ್ದು ಹೋದ. ಕೊಟ್ಟಿಗೆಯೊಳಗಿನಿಂದ ಎಂಥದೋ ಸದ್ದು ಬಂತು; ನಾಯಿ ಹೆದರಿ ಬೊಗಳಿತು. ಕೆಜಾಯಾ ಅತ್ತೆಗೆ ಸುದ್ದಿ ಮುಟ್ಟಿದಾಗ ಆಕೆ ತನ್ನ ಮೇಲಿನ ಜೋಡಿಯನ್ನು ಕೈಯಲ್ಲಿ ಹಿಡಿದು, “ಏನವಾ, ನೀ ಸಾವಿರ ವರ್ಷದ ಮುದಕಿ ಅಂತ, ನನಗ ಹೇಳಲೇ ಇಲ್ಲ?” ಎಂದು ಅದನ್ನೇ ಕೇಳಿದಳಂತೆ.

ಊರೆಲ್ಲ ನಕ್ಕಿತು. ನಗಬೇಕಾದದ್ದೇ. ಇಷ್ಟು ಓದಿದವನು, ಅಜ್ಜನಿಂದ ಹಿಡಿದು ಟಗರಿನವರೆಗೆ ಎಲ್ಲರ ಬಾಯಿ ಕಂಡವನು, ಹೆಂಗಸಿನ ಬಾಯಿಯ ವಿಷಯ ಮಾತ್ರ ಕೇಳದೆ, ನೇರ ಕಡಲು ದಾಟಿ ನಾರ್ವೆಗೆ ಹೋಗಿದ್ದ! ನನ್ನ ಅಜ್ಜಿಗೆ ತನ್ನ ಅಜ್ಜನ ಹೆಸರು ಗೊತ್ತಿರಲಿಲ್ಲ. ಇವನಿಗೆ ಆಕೆಯ ಸಾವಿರ ವರ್ಷದ ಹಿಂದಿನ ನೆಂಟರೆಲ್ಲ ಗೊತ್ತು.

“ಹೇಳಬ್ಯಾಡ,” ಎಂದ ಅಪ್ಪ. “ನನ್ನ ಬಾಯಿ ತೆಗಿಸಿ ನೋಡಿದ್ನಲ್ಲ. ಈಗ ಅವನ ಬಾಯಿ ಲೋಕಾ ನೋಡ್ಲಿ.”

“ಇಲ್ಲಪ್ಪ, ಹೇಳಂಗಿಲ್ಲ,” ಎಂದೆ. ಹೇಳುವುದೆಂದರೆ ನನ್ನ ಬಾಯಿಯ ಕಥೆಯನ್ನೂ ಹೇಳಬೇಕಿತ್ತು. ಅದನ್ನು ಕೇಳಿದ ಗಂಡಸಿನ ಮುಖ ಯಾವ ಕಡೆ ತಿರುಗುತ್ತದೆ ಎಂಬುದು ನನಗೆ ಗೊತ್ತಿತ್ತು.

*

ಗುರುವಾರ ಬೆಳಿಗ್ಗೆ ಅವನು ಹೊರಟ. ಗೇಟಿನ ಹತ್ತಿರ ಹಾಲಿನ ಕ್ಯಾನುಗಳನ್ನು ಇಡುತ್ತಿದ್ದ ನನ್ನ ಎದುರು ಸೈಕಲ್ ನಿಲ್ಲಿಸಿದ. ನಕ್ಷೆ ಸುರುಳಿಯಾಗಿ ಹ್ಯಾಂಡಲಿಗೆ ಕಟ್ಟಿತ್ತು.

“ನಾಳೆ ಪ್ರಾಧ್ಯಾಪಕರ ಸಭೆಯಲ್ಲಿ ಇದನ್ನು ಓದುತ್ತೇನೆ,” ಎಂದ. “ಒಪ್ಪಿಗೆಯಾದರೆ ಖಾಯಂ ಕೆಲಸ ಸಿಗುತ್ತದೆ.”

“ಛಲೋ ಆತು.”

“ಸಿಕ್ಕರೆ ಮತ್ತೆ ಬರುತ್ತೇನೆ. ನಿಮ್ಮ ತಂದೆಯವರನ್ನು ಒಂದು ಮಾತು ಕೇಳಲು. ಅದು ನನ್ನ ಪುಸ್ತಕದ ಸಾವಿರ ಪ್ರಶ್ನೆಯಲ್ಲಿ ಇಲ್ಲ.” ಕಿವಿ ಮತ್ತೆ ಕೆಂಪಾಯಿತು. “ಥರ್ಜಾ, ನಾನು ಮೊದಮೊದಲು ಆ ಸದ್ದಿಗಾಗಿ ನೋಡುತ್ತಿದ್ದೆ. ಈಗ ನೀವು ಸುಮ್ಮನಿದ್ದಾಗಲೂ ನೋಡುತ್ತೇನೆ. ನಿಮಗೆ ಗೊತ್ತಿದೆ.”

ಗೊತ್ತಿತ್ತು. ಅವನ ಕಣ್ಣು ಅಂದು ನನ್ನ ತುಟಿಯಿಂದ ಮೇಲೇರಿ ನನ್ನ ಕಣ್ಣಿಗೆ ಬಂದು ನಿಂತಿತ್ತು. ಆ ಹೊತ್ತು ಸುಮ್ಮನಿದ್ದರೆ ಸಾಕಿತ್ತು. ಒಂದು ತಿಂಗಳು, ಒಂದು ವರ್ಷ, ಯಾರೋ ಒಬ್ಬರು ಅವನ ಮುಖಕ್ಕೇ ನಗುವವರೆಗೆ. ಆದರೆ ವೇದಿಕೆ ಹತ್ತಿ ದೇವರ ಮುಂದೆ ಹೇಳಿದ ಪದ್ಯದಿಂದ ಅವನು ಸುಳ್ಳಿನ ಮನೆ ಕಟ್ಟಿದ್ದ, ಅದರ ಕಂಬ ನಾನು. ಸುಮ್ಮನಿರುವುದೂ ಸುಳ್ಳು ಸಾಕ್ಷಿಯೇ.

ಮೃದುವಾಗಿ ಹೇಳಬಹುದಿತ್ತು. ಮೃದುವಾಗಿ ಹೇಳಿದರೆ ಅತ್ತುಬಿಡುತ್ತಿದ್ದೆ. ಅದಕ್ಕೇ ಉಗಿದಂತೆ ಹೇಳಿದೆ.

“ನಿಮ್ಮ ನಾರ್ವೆದವರು ಎಲ್ಲಿ ಇಳದಾರ ಹೇಳ್ಲೇನು? ಜೀನಿನ ಅಂಗಡಿ ಮಾಳಗಿ ಮ್ಯಾಲ. ದೋಣ್ಯಾಗ ಬಂದವರಲ್ಲ, ಮಂಗಳವಾರ ಬ್ಯಾಗ್ ಹಿಡಕೊಂಡು ಬರ್ತಾರ. ಬ್ಯಾಗಿನ್ಯಾಗ ಇಕ್ಕಳ ಇರತೈತಿ.”

“ಅರ್ಥವಾಗಲಿಲ್ಲ.”

“ಇವು ನನ್ನ ಹಲ್ಲಲ್ರಿ. ಮದುವಿ ಉಡುಗೊರಿ. ಮದುವಿ ಆಗ್ಲಿಲ್ಲ, ಉಡುಗೊರಿ ಉಳೀತು. ನಿಮ್ಮ ಒಂಬತ್ತು ಹಳ್ಳಿ ಹೆಂಗಸರದೂ ಆ ಹಲ್ಲಿನ ಡಾಕ್ಟರನ ಕೈಯಾಂದ. ಸಡ್ಲ ಕೂಡಸ್ತಾನ. ಗಾಳಿ ಹೊಂಟ್ರ ಶಿಳ್ಳಿ ಬರತೈತಿ. ಇಷ್ಟ ನಿಮ್ಮ ಸಾವಿರ ವರ್ಷ.”

ಅವನ ಮುಖದ ಬಣ್ಣ ಇಳಿಯಿತು. ನನ್ನ ಬಾಯಿ ನೋಡಿದ. ಒಮ್ಮೆ, ಒಂದೇ ಒಮ್ಮೆ. ಆಮೇಲೆ ಮುಖ ತಿರುಗಿಸಿ ಸೈಕಲ್ಲಿನ ಪೆಡಲ್ ಕಡೆ ನೋಡಿದ.

“ಕ್ಷಮಿಸಿ,” ಎಂದು ಪೆಡಲಿಗೆ ಹೇಳಿ, ಹತ್ತಿ, ಹೋದ.

ವಿಲ್‌ಫ್ರಿಡ್ ಕಿಟಕಿಗೆ ಹೇಳಿದ, ಇವನು ಪೆಡಲಿಗೆ. ಓದಿದವನಿಗೂ ಓದದವನಿಗೂ ಅಷ್ಟೇ ಅಂತರ.

*

ಎರಡು ತಿಂಗಳು ಅವನನ್ನು ನಾನು ಸಮಾಧಾನದಿಂದ, ಕ್ರಮಬದ್ಧವಾಗಿ ತಿರಸ್ಕರಿಸಿದೆ. ಬೆಳಿಗ್ಗೆ ಬೆಣ್ಣೆ ಕಡೆಯುವಾಗ ಅವನ ಸೈಕಲ್ ಕ್ಲಿಪ್ಪನ್ನು, ಮಧ್ಯಾಹ್ನ ಅವನ ಇಸ್ತ್ರಿ ಮಾತನ್ನು, ಸಂಜೆ ಪ್ರಾರ್ಥನೆಗೆ ಮೊದಲು ಅವನ ಹಾವಿನಂಥ ಹುಲ್ಲಿನ ಸಾಲನ್ನು. ತಿರಸ್ಕಾರ ಒಳ್ಳೆಯ ಉರುವಲು, ಬೇಗ ಆರುವುದಿಲ್ಲ. ಆದರೆ ಆ ಒದ್ದೆ ಕಣ್ಣು ಹಿಂದಿನ ಬೆಂಚಿನಿಂದ ಏಳಲೇ ಇಲ್ಲ.

ಅಕ್ಟೋಬರಿನಲ್ಲಿ ಒಂದು ದಿನ ಅಪ್ಪ ಅಂಗಳದಲ್ಲಿ ಟಗರನ್ನು ತೊಡೆಗಳ ನಡುವೆ ಹಿಡಿದು ಅದರ ಎದೆಗೆ ಕೆಂಪು ಬಣ್ಣ ಬಳಿಯುತ್ತಿದ್ದ. ಆ ಕೆಂಪು ಯಾವ ಕುರಿಯ ಬೆನ್ನಿಗೆ ಹತ್ತಿತೋ ಅದಕ್ಕೆ ವಸಂತದಲ್ಲಿ ಮರಿ. ಹಾಲಿನ ಕೋಣೆಯ ಕಿಟಕಿಯಿಂದ ನೋಡಿದರೆ ಗೇಟಿನಲ್ಲಿ ಅವನು. ಸೈಕಲ್ ಇಲ್ಲ, ಪುಸ್ತಕ ಇಲ್ಲ. ಬೂಟಿಗೆ ಕೆಸರು.

“ಕಾಕಾ,” ಎಂದ ಅವನು. “ಟಗರಿನ ಕೋಡು ಹಿಡೀಲೇನ್ರಿ?”

ಅಪ್ಪನ ಕೈ ನಿಂತಿತು. ನನ್ನದೂ. ಇಸ್ತ್ರಿಯ ಮಾತಲ್ಲ ಅದು. ಒರಟು, ಇದ್ದಿಲ ಧೂಳಿನ, ಒಳಗಿನ ಮಾತು. ನಮ್ಮದಲ್ಲ, ಆದರೆ ನಮ್ಮ ಮಾತಿನ ದಾಯಾದಿ.

“ಎಲ್ಲಿತ್ತಪಾ ಈ ಬಾಯಿ ಇಷ್ಟು ದಿನಾ?” ಎಂದ ಅಪ್ಪ.

“ಅವ್ವನ ಹಂತ್ಯಾಕ ಬಿಟ್ಟಿದ್ದೆ. ತರಾಕ ಹೋಗಿದ್ದೆ.”

ಅಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಕೋಡು ಹಿಡಿಯೂದು ಬ್ಯಾಡ, ಒಗದಬಿಡತೈತಿ ನಿನ್ನ. ಆಕಿ ಹಾಲಿನ ಖೋಲ್ಯಾಗ ಅದಾಳ. ಆಕಿನೂ ಒಗೀತಾಳ ಮತ್ತ, ನೋಡ್ಕೊ.”

ಬಾಗಿಲಲ್ಲಿ ಬಂದು ನಿಂತ. ನಾನು ಬೆಣ್ಣೆಯಿಂದ ಕೈ ತೆಗೆಯಲಿಲ್ಲ.

“ಸಾವಿರ ಪ್ರಶ್ನಿ ಮುಗದಿಲ್ಲೇನು?”

“ಅವತ್ತ ನಾ ಸಭಾಕ್ಕ ಹೋಗೂ ಮೊದಲ ಊರಿಗೆ ಹೋದೆ,” ಎಂದ. “ಅವ್ವ ಅರಬಿ ಒಗ್ಯಾಕ ಹತ್ತಿದ್ಲು. ನನ್ನ ನೋಡಿದಾಕಿನ ಕೈಯಿಂದ ಬಾಯಿ ಮುಚ್ಚಿಕೊಂಡ್ಲು. ಹದಿನೆಂಟು ವರ್ಷ ಆತು, ನಾ ಬಂದ್ರ ಬಾಯಿ ಮುಚ್ಚಿಕೊಂತಾಳ. ಆಕಿ ಹಲ್ಲೂ ಮದುವಿ ಉಡುಗೊರಿ, ಥರ್ಜಾ. ಸಣ್ಣಾಂವ ಇದ್ದಾಗ ದಿನಾ ಕಿಟಕ್ಯಾಗ ಬಟ್ಟಲದಾಗ ನೋಡ್ತಿದ್ದೆ. ದೊಡ್ಡ ಸಾಲ್ಯಾಗ ಸೀಟು ಸಿಕ್ತು. ತಂದಿ ತಾಯಿ ಬರೂ ದಿನಾ ಇತ್ತು. ಆಕಿ ಹೊಸಾ ಟೋಪಿ ತಂದಿದ್ಲು. ನಾ ಹೇಳ್ದೆ: ಬರಬ್ಯಾಡವ್ವ, ಬಂದ್ರೂ ಬಾಯಿ ತೆಗೀಬ್ಯಾಡ ಅಂತ.”

ನಾನು ಬೆಣ್ಣೆ ತಟ್ಟುತ್ತಲೇ ಇದ್ದೆ. ಅದು ಯಾವಾಗಲೋ ಸಾಕಷ್ಟು ತಟ್ಟಿಯಾಗಿತ್ತು.

“ಅವತ್ತಿಂದ ನಾನೂ ಅವ್ವನ ಬಾಯಿ ಕಡೆ ನೋಡೂದು ಬಿಟ್ಟೆ. ಅದಕ್ಕ ನನಗ ತಿಳೀಲಿಲ್ಲ. ಹುಟ್ಟಿದಾಗಿಂದ ಕೇಳಿದ ಶಿಳ್ಳಿ ಅದು. ನನ್ನವ್ವಂದ. ನಾ ಅದನ್ನ ನಾರ್ವೆಕ್ಕ ಕಳಿಸಿಬಿಟ್ಟೆ.”

“ಸಭಾ?” ಎಂದೆ. ಧ್ವನಿ ಬೇಕೆಂದಷ್ಟು ತಣ್ಣಗೆ ಬರಲಿಲ್ಲ.

“ನಕ್ಷಾ ಗ್ವಾಡಿಗೆ ಹಚ್ಚಿದೆ. ಇದು ಒಬ್ಬ ಹಲ್ಲಿನ ಡಾಕ್ಟರನ ಮಂಗಳವಾರದ ಗಿರಾಕಿಗಳ ನಕ್ಷಾ ಅಂದೆ. ಹೆಂಗ ಆತು ಅಂತೂ ಹೇಳ್ದೆ. ಮಾತು ಬರೀ ಕಡಲು ದಾಟಿ ಬರಾಂಗಿಲ್ಲ, ಮದುವಿ ಮನ್ಯಾಗಿಂದನೂ ಬರತೈತಿ, ಕಿತ್ತ ಹಲ್ಲಿನ ಜಾಗಾದಿಂದನೂ ಬರತೈತಿ, ಇದನ್ನೂ ಬರಕೊಳ್ರಿ ಅಂದೆ.”

“ನಕ್ಕರೇನು?”

“ಬಿದ್ದು ಬಿದ್ದು ನಕ್ಕರು. ಕೆಲಸ ಬ್ಯಾರೆಯವಂಗ ಆತು.”

“ನಕ್ಕವರ ಹಲ್ಲು ಅವರವ ಏನು?”

ಅವನು ಯೋಚಿಸಿದ. “ಇಬ್ಬರವು ಅಲ್ಲ.”

ನನಗೆ ನಗು ಬಂತು. ಬಂದದ್ದಕ್ಕೆ ಸಿಟ್ಟೂ ಬಂತು. ತುಟಿ ಕಚ್ಚಿಕೊಂಡೆ, ಇನ್ನೊಬ್ಬರ ಹಲ್ಲಿನಿಂದ. ಅವನು ಆ ತುಟಿ ನೋಡಿದ. ಅದೇ ಜುಲೈ ತಿಂಗಳ ನೋಟ, ಜೇನುಹುಳುವಿನದು. ಕೈಯಲ್ಲಿ ಮಾತ್ರ ಪೆನ್ಸಿಲು ಇರಲಿಲ್ಲ.

ಪಟ್ಟಣದ ಶಾಲೆಯಲ್ಲಿ ಮಾಸ್ತರ ಕೆಲಸ ಸಿಕ್ಕಿದೆ ಎಂದ.

“ಮಕ್ಕಳಿಗೆ ಶುದ್ಧ ಮಾತು ಕಲಸ್ತೀರೇನು?”

“ಲೆಕ್ಕ ಕಲಸ್ತೀನಿ. ಅದಕ್ಕ ಊರಿಲ್ಲ ಕೇರಿಲ್ಲ.” ಆಮೇಲೆ ಒಂದು ಹೆಜ್ಜೆ ಒಳಗೆ ಬಂದ. “ಅಪ್ಪಾರನ್ನ ಕೇಳೂ ಮಾತು ಆಮ್ಯಾಲ ಕೇಳ್ತೀನಿ. ಮೊದಲ ನಿಮ್ಮನ್ನ ಒಂದು ಕೇಳಬೇಕು. ಅಜ್ಜಿ ಪದ್ಯ ಅಂದಿದ್ರಲ್ಲ ಮಂದಿರದಾಗ, ಅದನ್ನ ಇನ್ನೊಮ್ಮೆ ಅನ್ರಿ. ಮಂಗಳವಾರದ ಬಾಯಿಲೆ ಬ್ಯಾಡ. ನಿಮ್ಮ ಬಾಯಿಲೆ.”

ಜೋಡಿ ತೆಗೆದಿಟ್ಟ ಆ ಬಾಯಿಯ ಧ್ವನಿಯನ್ನು ಭೂಮಿಯ ಮೇಲೆ ಯಾರೂ ಕೇಳಿಲ್ಲ. ಬಾಗಿಲು ಹಾಕಿಕೊಂಡು ಪ್ರಾರ್ಥಿಸುವಾಗ ದೇವರೊಬ್ಬ ಕೇಳುತ್ತಾನೆ. ಅಪ್ಪನಿಗೂ ಕೇಳಿಸಿಲ್ಲ; ಹೊಸ ಜೋಡಿ ಬರುವವರೆಗೆ ನಾನು ಮಾತೇ ಆಡಿರಲಿಲ್ಲ. ಇವನಿಗೆ ಎಷ್ಟು ಸೊಕ್ಕು! ಉಗಿದು ಕಳಿಸಲು ಎಷ್ಟೋ ಮಾತು ನಾಲಗೆಯ ತುದಿಯಲ್ಲಿದ್ದವು.

ಬಕೆಟ್ಟಿನ ನೀರಿನಲ್ಲಿ ಕೈ ತೊಳೆದೆ. ಏಪ್ರನ್ನಿಗೆ ಒರೆಸಿದೆ. ಜೇಬಿನಿಂದ ಕರ್ಚೀಫು ತೆಗೆದು ಅಂಗೈ ಮೇಲೆ ಹಾಸಿದೆ. ಹೊರಗೆ ಅಪ್ಪ ಟಗರನ್ನು ಬಯ್ಯುತ್ತಿದ್ದ. ಕೈ ಬಾಯಿಯವರೆಗೆ ಹೋಯಿತು, ನಿಂತಿತು.

“ಆ ಕಡೆ ತಿರುಗ್ರಿ,” ಎಂದೆ. ಶಿಳ್ಳೆಯೂ ಇಲ್ಲದಷ್ಟು ಸಣ್ಣ ಧ್ವನಿ. “ಕಿಟಕಿ ಕಡೆ. ಕೈ ಮುಗೀತೀನಿ.”

ಅವನು ಕಿಟಕಿಯನ್ನು ನೋಡಲಿಲ್ಲ. ನೆಲವನ್ನೂ ನೋಡಲಿಲ್ಲ.

“ಇಲ್ಲ,” ಎಂದ. “ತಿರುಗಾಂಗಿಲ್ಲ.”